ಎತ್ತರ, ವೇಗ, ಟೈಮ್: ಗಡಿಯಾರ ಎಷ್ಟು ಮುಂದೆ ಎಷ್ಟು ಹಿಂದೆ ಅಂತ ನೀವೇ ಲೆಕ್ಕ ಹಾಕೋದು ಹೇಗೆ

ಎತ್ತರಕ್ಕೆ ಹೋದ್ರೆ ಗಡಿಯಾರ ಬೇಗ ಓಡುತ್ತೆ, ಜೋರಾಗಿ ಹೋದ್ರೆ ನಿಧಾನ ಆಗುತ್ತೆ, ಇದನ್ನ ಎಲ್ರೂ ಎಲ್ಲೋ ಒಂದ್ಕಡೆ ಕೇಳಿರ್ತಾರೆ. ಸರಿ, ಎಷ್ಟು ಬೇಗ, ಎಷ್ಟು ನಿಧಾನ ಅಂತ ಮುಂದಿನ ಪ್ರಶ್ನೆ ಕೇಳಿದ್ರೆ ಮಾತು ಅಲ್ಲಿಗೇ ನಿಲ್ಲುತ್ತೆ, ಅದೆಲ್ಲ ದೊಡ್ಡ ವಿಜ್ಞಾನಿಗಳ ಲೆಕ್ಕ ನಮ್ಮ ಕೈಲಿ ಆಗೋದಲ್ಲ ಅಂದ್ಕೊಂಡು ಸುಮ್ಮನಾಗ್ತಾರೆ. ಆದ್ರೆ ವಿಮಾನ, ಜಿಪಿಎಸ್, ಸ್ಪೇಸ್ ಸ್ಟೇಷನ್, ಚಂದ್ರ ಇಷ್ಟಕ್ಕೂ ಬೇಕಾಗಿರೋದು ಮೂರು ಸಂಖ್ಯೆ, ಒಂದು ಮಾಮೂಲಿ ಕ್ಯಾಲ್ಕುಲೇಟರ್, ಹೈಸ್ಕೂಲಲ್ಲಿ ಕಲಿತ ವರ್ಗ ಮತ್ತೆ ಭಾಗಾಕಾರ. ಉತ್ತರ ಕೂಡ ಅಂದಾಜಿಗೆ ಹತ್ರ ಅನ್ನೋ ಥರ ಬರಲ್ಲ, ನಿಜವಾದ ಗಡಿಯಾರಗಳಲ್ಲಿ ಅಳೆದಿರೋದಕ್ಕೆ ತಾಳೆ ಆಗೋ ಹಾಗೆ ಬರುತ್ತೆ. ಒಂದ್ಸಲ ಕೈಯಾರೆ ಮಾಡಿ ನೋಡಿ, ನೂರು ವಿಡಿಯೋ ನೋಡಿದ್ರೂ ಸಿಗದ ನಂಬಿಕೆ ಬರುತ್ತೆ.

ಕ್ಯಾಲ್ಕುಲೇಟರ್ ಮುಟ್ಟೋಕೆ ಮುಂಚೆ ಒಂದು ಹಾಳೆ ತಗೊಂಡು ಮೇಲ್ಗಡೆ ಬರೀರಿ: ಯಾವ ಗಡಿಯಾರ, ಯಾವ ಗಡಿಯಾರಕ್ಕೆ ಹೋಲಿಸಿ, ಎಷ್ಟು ಹೊತ್ತು. ಇದನ್ನ ಬಿಟ್ರೆ ಇಡೀ ಲೆಕ್ಕ ಗೊಂದಲ ಆಗೋದು ಗ್ಯಾರಂಟಿ. ಯಾಕಂದ್ರೆ ಟೈಮ್ ನಿಧಾನ ಆಯ್ತು ಅನ್ನೋ ಮಾತು ಅರ್ಧ ಮಾತು. ರಾಕೆಟ್ಟಲ್ಲಿ ಕೂತವರ ಕೈಗಡಿಯಾರ ಅವರ ಪಾಲಿಗೆ ಸರಿಯಾಗೇ ನಡೀತಿರುತ್ತೆ, ನಾಡಿ ಬಡಿತ, ಹಸಿವು, ನಿದ್ದೆ ಎಲ್ಲ ಅದೇ ಲಯದಲ್ಲಿ ಇರುತ್ತೆ, ಅವರಿಗೆ ಏನೂ ಗೊತ್ತಾಗಲ್ಲ. ಇಬ್ಬರು ಬೇರೆ ಬೇರೆ ದಾರಿ ಹಿಡಿದು ಹೋಗಿ ಮತ್ತೆ ಒಂದ್ಕಡೆ ಸೇರಿ ಇಬ್ಬರ ಗಡಿಯಾರ ಪಕ್ಕಪಕ್ಕ ಇಟ್ಟಾಗ (ಅಥವಾ ರೇಡಿಯೋ ಸಿಗ್ನಲ್ ಕಳಿಸಿ ತಾಳೆ ನೋಡಿದಾಗ) ಮಾತ್ರ ವ್ಯತ್ಯಾಸ ಕಾಣುತ್ತೆ. ಗಡಿಯಾರ ಕೆಟ್ಟಿರಲ್ಲ, ಎರಡೂ ಸರಿ, ಅವೆರಡರ ಮಧ್ಯೆ ಕಳೆದ ಕಾಲವೇ ಬೇರೆ ಬೇರೆ.

ಮೊದಲು ವೇಗದ್ದು. ಎರಡು ಕನ್ನಡಿ ಎದುರುಬದುರು ಇಟ್ಟು ಮಧ್ಯೆ ಬೆಳಕು ಮೇಲೆ ಕೆಳಗೆ ಪುಟಿತಾ ಇದೆ ಅಂದ್ಕೊಳ್ಳಿ, ಒಂದ್ಸಲ ಮೇಲೆ ಹೋಗಿ ಕೆಳಗೆ ಬಂದ್ರೆ ಒಂದು ಟಿಕ್. ಈಗ ಇಡೀ ಸೆಟ್ ಪಕ್ಕಕ್ಕೆ ಓಡ್ತಾ ಇದ್ರೆ, ನಿಂತು ನೋಡೋರಿಗೆ ಬೆಳಕು ಓರೆಯಾಗಿ ಹೋಗಿ ಓರೆಯಾಗಿ ಬರೋದು ಕಾಣುತ್ತೆ, ಅಂದ್ರೆ ದಾರಿ ಉದ್ದ ಆಯ್ತು. ಬೆಳಕಿನ ವೇಗ ಯಾರು ಅಳೆದ್ರೂ ಸೆಕೆಂಡಿಗೆ 2,99,792.458 ಕಿ.ಮೀ. ಅಷ್ಟೇ, ಜಾಸ್ತಿ ಕಮ್ಮಿ ಆಗಲ್ಲ, ಹಾಗಾಗಿ ಉದ್ದದ ದಾರಿಗೆ ಜಾಸ್ತಿ ಹೊತ್ತು ಬೇಕು, ಒಂದೊಂದು ಟಿಕ್ಕೂ ನಿಧಾನ. 1905ರಲ್ಲಿ ಐನ್‌ಸ್ಟೈನ್ ಹೇಳಿದ್ದು ಇದೇ. ಆ ಓರೆ ದಾರಿ, ನೇರ ದಾರಿ, ಪಕ್ಕಕ್ಕೆ ಸರಿದ ದೂರ ಮೂರೂ ಸೇರಿ ಲಂಬಕೋನ ತ್ರಿಭುಜ ಆಗುತ್ತೆ, ಪೈಥಾಗರಸ್ ಪ್ರಮೇಯ ಹಾಕಿದ್ರೆ ಸೂತ್ರ ತಾನಾಗೇ ಬರುತ್ತೆ: ನಿಮ್ಮ ವೇಗನ ಬೆಳಕಿನ ವೇಗದಿಂದ ಭಾಗಿಸಿ, ಅದರ ವರ್ಗ ಮಾಡಿ, 1ರಿಂದ ಕಳೀರಿ, ವರ್ಗಮೂಲ ತೆಗೀರಿ. ಬೆಳಕಿನ ವೇಗದ 0.8ರಷ್ಟು ಅಂದ್ರೆ ವರ್ಗ 0.64, 1ರಿಂದ ಕಳೆದ್ರೆ 0.36, ವರ್ಗಮೂಲ 0.6. ನಿಂತವರಿಗೆ 10 ವರ್ಷ ಆದ್ರೆ ಓಡೋರಿಗೆ 6 ವರ್ಷ.

ನಾವು ನಿಜವಾಗಿ ತಲುಪೋ ವೇಗಗಳಿಗೆ ವರ್ಗಮೂಲದ ತಂಟೆನೇ ಬೇಡ. ಇಲ್ಲಿ ಮೊದಲನೇ ಸಂಖ್ಯೆ: 0.48. ವೇಗನ ಸೆಕೆಂಡಿಗೆ ಎಷ್ಟು ಕಿ.ಮೀ. ಅಂತ ಬರ್ಕೊಂಡು ವರ್ಗ ಮಾಡಿ 0.48ರಿಂದ ಗುಣಿಸಿದ್ರೆ ದಿನಕ್ಕೆ ಎಷ್ಟು ಮೈಕ್ರೊಸೆಕೆಂಡ್ ಹಿಂದೆ ಬೀಳುತ್ತೆ ಅಂತ ಸಿಗುತ್ತೆ. ಮೈಕ್ರೊಸೆಕೆಂಡ್ ಅಂದ್ರೆ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು, ನ್ಯಾನೊಸೆಕೆಂಡ್ ಅದರಲ್ಲೂ ಸಾವಿರದಲ್ಲಿ ಒಂದು ಪಾಲು. ವೇಗ ಡಬಲ್ ಆದ್ರೆ ವ್ಯತ್ಯಾಸ ನಾಲ್ಕು ಪಟ್ಟು, ವರ್ಗ ಅಲ್ವಾ. ಬೆಳಕಿನ ವೇಗದ ಹತ್ತನೇ ಒಂದು ಪಾಲಿನವರೆಗೂ ಈ ಶಾರ್ಟ್‌ಕಟ್ ಆರಾಮಾಗಿ ನಡೆಯುತ್ತೆ, ಅದಕ್ಕಿಂತ ಜಾಸ್ತಿ ಆದ್ರೆ ಮಾತ್ರ ಪೂರ್ತಿ ಸೂತ್ರಕ್ಕೆ ಹೋಗಿ. ಆ ಪೂರ್ತಿ ಸೂತ್ರಕ್ಕೆ ಮ್ಯೂಆನ್ ಅನ್ನೋ ಕಣಗಳೇ ಸಾಕ್ಷಿ. ನಿಂತ ಜಾಗದಲ್ಲಿ ಅವುಗಳ ಸರಾಸರಿ ಆಯಸ್ಸು 2.2 ಮೈಕ್ರೊಸೆಕೆಂಡ್, 1970ರ ದಶಕದಲ್ಲಿ ಯುರೋಪಿನ ಸೆರ್ನ್ ಅನ್ನೋ ಭೌತವಿಜ್ಞಾನ ಲ್ಯಾಬಲ್ಲಿ ಅವನ್ನ ಬೆಳಕಿನ ವೇಗದ ಶೇ 99.94ರಷ್ಟು ವೇಗದಲ್ಲಿ ಉಂಗುರದಲ್ಲಿ ಸುತ್ತಿಸಿದಾಗ ಸುಮಾರು 64 ಮೈಕ್ರೊಸೆಕೆಂಡ್ ಬದುಕಿದ್ವು. ಸೂತ್ರಕ್ಕೆ ಹಾಕಿ ನೋಡಿ, 29 ಪಟ್ಟು ಬರುತ್ತೆ, 2.2ನ್ನ 29ರಿಂದ ಗುಣಿಸಿದ್ರೆ ಅದೇ 64.

ಇನ್ನು ಗುರುತ್ವ. ನನಗೆ ಕೇಳಿದ್ರೆ ಇಡೀ ವಿಷಯದಲ್ಲಿ ತುಂಬಾ ಚಂದದ ಭಾಗ ಇದೇ, ಯಾಕಂದ್ರೆ ಸೂತ್ರ ಎಲ್ಲಿಂದ ಬಂತು ಅಂತ ಹತ್ತು ನಿಮಿಷದಲ್ಲಿ ಕಣ್ಣಿಗೆ ಕಟ್ಟೋ ಹಾಗೆ ನೋಡಬಹುದು. ಎಲ್ಲಾ ಗ್ರಹಗಳಿಂದ ದೂರ, ಖಾಲಿ ಜಾಗದಲ್ಲಿ ಒಂದು ರಾಕೆಟ್ ಇದೆ, ಇಂಜಿನ್ ಆನ್ ಆಗಿದೆ, ಅದು ಸೆಕೆಂಡಿಗೆ ಸೆಕೆಂಡಿಗೆ 9.8 ಮೀಟರ್‌ನಷ್ಟು ವೇಗ ಹೆಚ್ಚಿಸ್ಕೊಳ್ತಾ ಹೋಗ್ತಿದೆ. ನೆಲದಲ್ಲಿ ಒಂದು ದೀಪ ಟಿಕ್ ಟಿಕ್ ಅಂತ ಮಿನುಗ್ತಾ ಇದೆ, ಚಾವಣಿಯಲ್ಲಿ ಒಬ್ಬರು ಗಡಿಯಾರ ಹಿಡ್ಕೊಂಡು ಆ ಮಿನುಗು ಎಣಿಸ್ತಾ ಇದಾರೆ. ಬೆಳಕು ನೆಲದಿಂದ ಹೊರಟು ಚಾವಣಿ ತಲುಪೋಕೆ ಸ್ವಲ್ಪ ಹೊತ್ತು ಬೇಕಲ್ಲ, ಅಷ್ಟರಲ್ಲಿ ಚಾವಣಿ ಇನ್ನೂ ಸ್ವಲ್ಪ ವೇಗ ಪಡ್ಕೊಂಡು ಬೆಳಕಿನಿಂದ ದೂರ ಓಡ್ತಾ ಇರುತ್ತೆ, ಹಾಗಾಗಿ ಎರಡು ಮಿನುಗಿನ ನಡುವಿನ ಅಂತರ ಮೇಲಿನವರಿಗೆ ಉದ್ದ ಆಗಿ ಕಾಣುತ್ತೆ. ಅಂದ್ರೆ ಅವರ ಲೆಕ್ಕದಲ್ಲಿ ಕೆಳಗಿನ ಗಡಿಯಾರ ನಿಧಾನ. ಎಷ್ಟು ನಿಧಾನ? ಬೆಳಕು ತಗೊಂಡ ಹೊತ್ತು ಅಂದ್ರೆ ಎತ್ತರ ಭಾಗಿಸು ಬೆಳಕಿನ ವೇಗ, ಆ ಹೊತ್ತಲ್ಲಿ ಹೆಚ್ಚಿದ ವೇಗ ಅಂದ್ರೆ ಅದಕ್ಕೆ 9.8ರ ಗುಣಾಕಾರ, ಅದನ್ನ ಮತ್ತೆ ಬೆಳಕಿನ ವೇಗದಿಂದ ಭಾಗಿಸಿದ್ರೆ ಮುಗೀತು: 9.8 ಗುಣಿಸು ಎತ್ತರ, ಭಾಗಿಸು ಬೆಳಕಿನ ವೇಗದ ವರ್ಗ. ಈಗ ಕಿಟಕಿ ಇಲ್ಲದ ಆ ರಾಕೆಟ್ಟಲ್ಲಿ ನಿಂತಿರೋದಕ್ಕೂ ಭೂಮಿ ಮೇಲೆ ಒಂದು ರೂಮಲ್ಲಿ ನಿಂತಿರೋದಕ್ಕೂ ಒಳಗಿರೋರಿಗೆ ಏನೂ ವ್ಯತ್ಯಾಸ ಗೊತ್ತಾಗಲ್ಲ ಅನ್ನೋದು 1907ರಲ್ಲಿ ಐನ್‌ಸ್ಟೈನ್‌ಗೆ ಹೊಳೆದ ವಿಚಾರ. ರಾಕೆಟ್ಟಲ್ಲಿ ನೆಲದ ಗಡಿಯಾರ ನಿಧಾನ ಆದ್ರೆ ಭೂಮಿ ಮೇಲಿನ ರೂಮಲ್ಲೂ ಆಗಲೇಬೇಕು.

ಇದರಿಂದ ಎರಡನೇ ಸಂಖ್ಯೆ ಸಿಗುತ್ತೆ: 9.42. ಭೂಮಿ ಹತ್ರ ಪ್ರತಿ ಕಿ.ಮೀ. ಎತ್ತರಕ್ಕೆ ದಿನಕ್ಕೆ 9.42 ನ್ಯಾನೊಸೆಕೆಂಡ್ ಮುಂದೆ. ಎವರೆಸ್ಟ್ 8,849 ಮೀಟರ್, ಹಾಗಾಗಿ ಅದರ ತುದೀಲಿಟ್ಟ ಗಡಿಯಾರ ಸಮುದ್ರಮಟ್ಟದ್ದಕ್ಕಿಂತ ದಿನಕ್ಕೆ 83 ನ್ಯಾನೊಸೆಕೆಂಡ್, ವರ್ಷಕ್ಕೆ ಸುಮಾರು 30 ಮೈಕ್ರೊಸೆಕೆಂಡ್ ಮುಂದೆ ಓಡುತ್ತೆ. ಇಷ್ಟು ಸಣ್ಣದನ್ನ ಅಳೆಯೋಕೆ ಆಗುತ್ತಾ ಅಂದ್ರೆ ಆಗುತ್ತೆ, 1960ರಲ್ಲಿ ಹಾರ್ವರ್ಡ್‌ನಲ್ಲಿ ಪೌಂಡ್ ಮತ್ತೆ ರೆಬ್ಕಾ ಬರೀ 22.5 ಮೀಟರ್ ಎತ್ತರದ ಗೋಪುರದಲ್ಲಿ ಗಾಮಾ ಕಿರಣ ಬಳಸಿ ಹತ್ತು ಕೋಟಿ ಕೋಟಿಯಲ್ಲಿ ಎರಡೂವರೆ ಪಾಲಿನಷ್ಟು ವ್ಯತ್ಯಾಸ ಹಿಡಿದ್ರು. 2010ರಲ್ಲಿ ಅಮೆರಿಕದ ಎನ್‌ಐಎಸ್‌ಟಿ ಲ್ಯಾಬಲ್ಲಿ ಒಂದು ಗಡಿಯಾರನ ಇನ್ನೊಂದಕ್ಕಿಂತ 33 ಸೆಂಟಿಮೀಟರ್ ಮೇಲೆತ್ತಿ ವ್ಯತ್ಯಾಸ ನೋಡಿದ್ರು, ಎರಡು ಮೆಟ್ಟಿಲಿನಷ್ಟು ಎತ್ತರ ಅಷ್ಟೇ. 2022ರಲ್ಲಿ ಪ್ರಕಟ ಆದ ಪ್ರಯೋಗದಲ್ಲಂತೂ ಒಂದೇ ಗುಂಪಿನ ಪರಮಾಣುಗಳ ಮೇಲ್ತುದಿಗೂ ಕೆಳತುದಿಗೂ, ಬರೀ ಒಂದು ಮಿಲಿಮೀಟರ್‌ನಲ್ಲಿ, ಟೈಮ್ ಬೇರೆ ಬೇರೆ ಓಡೋದು ಸಿಕ್ತು.

ಇಲ್ಲಿ ಜನ ಎಡವೋ ಜಾಗ ಒಂದಿದೆ, ಸ್ವಲ್ಪ ನಿಂತು ಓದಿ. ಗುರುತ್ವ ಜೋರಾಗಿ ಎಳೆದ್ರೆ ಟೈಮ್ ನಿಧಾನ, ಮೆಲ್ಲಗೆ ಎಳೆದ್ರೆ ಬೇಗ ಅಂತ ತುಂಬಾ ಕಡೆ ಬರೆದಿರ್ತಾರೆ, ಅದು ಪೂರ್ತಿ ಸರಿ ಇಲ್ಲ. ಎಳೆತ ಎಷ್ಟು ಅನ್ನೋದು ಇಲ್ಲಿ ಲೆಕ್ಕಕ್ಕೆ ಬರಲ್ಲ, ಎಷ್ಟು ಆಳದಲ್ಲಿದೀರಿ ಅನ್ನೋದು ಬರುತ್ತೆ. ಗ್ರಹನ ಒಂದು ಬಾವಿ ಅಂದ್ಕೊಳ್ಳಿ, ದೂರದ ಖಾಲಿ ಆಕಾಶ ಬಾವಿಯ ಕಟ್ಟೆ, ನೀವು ಕಟ್ಟೆಯಿಂದ ಎಷ್ಟು ಕೆಳಗೆ ಇಳಿದಿದೀರೋ ಅಷ್ಟು ನಿಮ್ಮ ಗಡಿಯಾರ ಹಿಂದೆ. ಭೂಮಿಯ ನಟ್ಟನಡು ಕೇಂದ್ರದಲ್ಲಿ ಎಳೆತ ಸೊನ್ನೆ, ಎಲ್ಲಾ ದಿಕ್ಕಿಂದ ಸಮ ಎಳೆದು ವಜಾ ಆಗುತ್ತೆ, ಆದ್ರೆ ಬಾವಿಯ ಅತಿ ಆಳದ ಜಾಗ ಅದೇ, ಹಾಗಾಗಿ ಅಲ್ಲೇ ಟೈಮ್ ಅತಿ ನಿಧಾನ. ಭೂಮಿ ಹುಟ್ಟಿ ಸುಮಾರು 450 ಕೋಟಿ ವರ್ಷ, ಅಷ್ಟರಲ್ಲಿ ಕೇಂದ್ರ ಮೇಲ್ಮೈಗಿಂತ ಸುಮಾರು ಎರಡೂವರೆ ವರ್ಷ ಚಿಕ್ಕದಾಗಿ ಉಳಿದಿದೆ ಅಂತ 2016ರಲ್ಲಿ ಲೆಕ್ಕ ಹಾಕಿದಾರೆ.

ಎತ್ತರ ನೂರಾರು ಕಿ.ಮೀ. ದಾಟಿದ್ರೆ 9.42 ಸಾಲದು, ಮೇಲೆ ಹೋದ ಹಾಗೆ ಎಳೆತ ಕಮ್ಮಿ ಆಗುತ್ತೆ. ಆಗ ಮೂರನೇ ಸಂಖ್ಯೆ: 3,83,200. ಭೂಮಿಯ ಕೇಂದ್ರದಿಂದ ನೀವಿರೋ ದೂರ ಕಿ.ಮೀ.ನಲ್ಲಿ ಬರ್ಕೊಂಡು ಆ ದೂರದಿಂದ 3,83,200ನ್ನ ಭಾಗಿಸಿದ್ರೆ, ನೀವು ಎಷ್ಟು ಆಳದಲ್ಲಿದೀರಿ ಅನ್ನೋದು ನೇರ ದಿನಕ್ಕೆ ಇಷ್ಟು ಮೈಕ್ರೊಸೆಕೆಂಡ್ ಅಂತ ಬರುತ್ತೆ. ಮೇಲ್ಮೈ ಅಂದ್ರೆ ಕೇಂದ್ರದಿಂದ 6,371 ಕಿ.ಮೀ., ಭಾಗಿಸಿದ್ರೆ 60.15. ಇದನ್ನ ಹಾಳೆ ಮೂಲೇಲಿ ಬರೆದಿಟ್ಕೊಳ್ಳಿ, ಪದೇ ಪದೇ ಬೇಕಾಗುತ್ತೆ.

ಈಗ ಜಿಪಿಎಸ್. ಸ್ಯಾಟಲೈಟ್ ಇರೋದು ಕೇಂದ್ರದಿಂದ ಸುಮಾರು 26,560 ಕಿ.ಮೀ., ಆಳ 14.43. ನೆಲದ್ದು 60.15, ವ್ಯತ್ಯಾಸ 45.7, ಅಂದ್ರೆ ಎತ್ತರದಿಂದಾಗಿ ದಿನಕ್ಕೆ 45.7 ಮೈಕ್ರೊಸೆಕೆಂಡ್ ಮುಂದೆ. ವೇಗ ಸೆಕೆಂಡಿಗೆ 3.87 ಕಿ.ಮೀ., ವರ್ಗ 15, 0.48ರಿಂದ ಗುಣಿಸಿದ್ರೆ 7.2, ಅಷ್ಟು ಹಿಂದೆ. ಕಳೆದ್ರೆ 38 ಚಿಲ್ಲರೆ ಮುಂದೆ. ಬೆಳಕು ಒಂದು ಮೈಕ್ರೊಸೆಕೆಂಡಿಗೆ 300 ಮೀಟರ್ ಹೋಗುತ್ತೆ, ಹಾಗಾಗಿ ಇದನ್ನ ಸರಿ ಮಾಡದೆ ಬಿಟ್ರೆ ಸಿಗ್ನಲ್‌ನಿಂದ ಅಳೆಯೋ ದೂರದಲ್ಲಿ ದಿನಕ್ಕೆ 11 ಕಿ.ಮೀ.ಗೂ ಮೀರಿ ತಪ್ಪು ಕೂಡ್ತಾ ಹೋಗುತ್ತೆ. ಅದಕ್ಕೇ ನೆಲದಲ್ಲಿರೋವಾಗಲೇ ಆ ಗಡಿಯಾರನ ಬೇಕಂತಲೇ ಸ್ವಲ್ಪ ನಿಧಾನಕ್ಕೆ ಸೆಟ್ ಮಾಡ್ತಾರೆ: 10.23 ಮೆಗಾಹರ್ಟ್ಜ್ ಬದಲು 10.22999999543 ಮೆಗಾಹರ್ಟ್ಜ್, ಮೇಲೆ ಹೋದ್ಮೇಲೆ ನೆಲದಿಂದ ನೋಡೋರಿಗೆ ಸರಿಯಾಗಿ 10.23 ಕಾಣುತ್ತೆ. 1977ರಲ್ಲಿ ಎನ್‌ಟಿಎಸ್-2 ಅನ್ನೋ ಪರೀಕ್ಷಾ ಸ್ಯಾಟಲೈಟಲ್ಲಿ ಮೊದಲ ಸುಮಾರು 20 ದಿನ ಈ ತಿದ್ದುಪಡಿ ಆಫ್ ಇಟ್ಟು ನೋಡಿದ್ರು, ಗಡಿಯಾರ ಸಿದ್ಧಾಂತ ಹೇಳಿದಷ್ಟೇ ಮುಂದೆ ಓಡ್ತು, ಆಮೇಲೆ ತಿದ್ದುಪಡಿ ಆನ್ ಮಾಡಿದ್ರು.

ಸ್ಪೇಸ್ ಸ್ಟೇಷನ್ನಿಗೆ ಇದೇ ಲೆಕ್ಕ ಹಾಕಿದ್ರೆ ಉತ್ತರ ಉಲ್ಟಾ ಆಗುತ್ತೆ. ಎತ್ತರ ಸುಮಾರು 400 ಕಿ.ಮೀ. ಅಂದ್ರೆ ಕೇಂದ್ರದಿಂದ 6,771, ಆಳ 56.6, ನೆಲಕ್ಕಿಂತ ಬರೀ 3.55 ಮುಂದೆ. ವೇಗ 7.67, ವರ್ಗ 58.8, ಹಿಂದೆ ಬೀಳೋದು 28.2. ಕೂಡಿ ಕಳೆದ್ರೆ ದಿನಕ್ಕೆ ಸುಮಾರು 24.7 ಮೈಕ್ರೊಸೆಕೆಂಡ್ ಹಿಂದೆ, ಆರು ತಿಂಗಳು ಇದ್ದು ಬಂದೋರು ನೆಲದಲ್ಲಿ ಇದ್ದೋರಿಗಿಂತ ಸುಮಾರು 4.5 ಮಿಲಿಸೆಕೆಂಡ್ ಚಿಕ್ಕವರು. ಕೆಳಗಿನ ಕಕ್ಷೇಲಿ ವೇಗ ಗೆಲ್ಲುತ್ತೆ, ಮೇಲಿನ ಕಕ್ಷೇಲಿ ಎತ್ತರ ಗೆಲ್ಲುತ್ತೆ, ಹಾಗಾದ್ರೆ ಮಧ್ಯೆ ಎಲ್ಲೋ ಎರಡೂ ಸಮ ಆಗಬೇಕಲ್ಲ? ಆಗುತ್ತೆ, ಕೇಂದ್ರದಿಂದ ದೂರ ಭೂಮಿಯ ತ್ರಿಜ್ಯದ ಒಂದೂವರೆ ಪಟ್ಟು ಇರೋ ವೃತ್ತಾಕಾರದ ಕಕ್ಷೇಲಿ, ಅಂದ್ರೆ ಸುಮಾರು 3,185 ಕಿ.ಮೀ. ಎತ್ತರದಲ್ಲಿ. ಅಲ್ಲಿ ಸುತ್ತೋ ಗಡಿಯಾರ ನೆಲದ ಗಡಿಯಾರದ ಜೊತೆ ಹೆಜ್ಜೆ ಹಾಕುತ್ತೆ.

ವಿಮಾನದ ಲೆಕ್ಕ ಇವಕ್ಕಿಂತ ಸೂಕ್ಷ್ಮ, ಅದಕ್ಕೇ ಸ್ವಲ್ಪ ತಡವಾಗಿ ಹೇಳ್ತಿದೀನಿ. ಗಂಟೆಗೆ 900 ಕಿ.ಮೀ. ಅಂದ್ರೆ ಸೆಕೆಂಡಿಗೆ 0.25 ಕಿ.ಮೀ., ಅದನ್ನೇ ವರ್ಗ ಮಾಡಿ ಹಾಕಿದ್ರೆ ಉತ್ತರ ತಪ್ಪು ಬರುತ್ತೆ. ಯಾಕಂದ್ರೆ ನೆಲ ತಾನೇ ತಿರುಗ್ತಾ ಇದೆ, ಸಮಭಾಜಕ ವೃತ್ತದ ಮೇಲೆ ನಿಂತ ಗಡಿಯಾರ ಕೂಡ ಸೆಕೆಂಡಿಗೆ 0.465 ಕಿ.ಮೀ. ಪೂರ್ವಕ್ಕೆ ಓಡ್ತಾನೇ ಇರುತ್ತೆ. ವೃತ್ತದಲ್ಲಿ ತಿರುಗೋ ನೆಲನ ನಿಂತಿದೆ ಅಂತ ತಗೋಬಾರದು, ತಿರುಗದೆ ಇರೋ ಭೂಕೇಂದ್ರದಿಂದ ನೋಡಿದ ವೇಗನ ಎರಡೂ ಗಡಿಯಾರಕ್ಕೂ ಹಾಕಬೇಕು. ಸಮಭಾಜಕದ ಉದ್ದಕ್ಕೆ 10 ಕಿ.ಮೀ. ಎತ್ತರದಲ್ಲಿ 10 ಗಂಟೆ ಹಾರಾಟ ಅಂತ ಇಟ್ಕೊಳ್ಳಿ. ಎತ್ತರದಿಂದ ದಿನಕ್ಕೆ 94.2 ನ್ಯಾನೊಸೆಕೆಂಡ್, 10 ಗಂಟೆಗೆ 39 ಮುಂದೆ, ಇದು ಯಾವ ದಿಕ್ಕಿಗೆ ಹೋದ್ರೂ ಅಷ್ಟೇ. ಪೂರ್ವಕ್ಕೆ ಹೋದ್ರೆ ವಿಮಾನದ ವೇಗ 0.715, ವರ್ಗ 0.511, ನೆಲದ್ದು 0.216, ವ್ಯತ್ಯಾಸ 0.295, 0.48ರಿಂದ ಗುಣಿಸಿ 10 ಗಂಟೆಗೆ ಇಳಿಸಿದ್ರೆ 59 ನ್ಯಾನೊಸೆಕೆಂಡ್ ಹಿಂದೆ. ಒಟ್ಟು 20 ಹಿಂದೆ. ಪಶ್ಚಿಮಕ್ಕೆ ಹೋದ್ರೆ ವಿಮಾನದ ವೇಗ ಬರೀ 0.215, ವರ್ಗ 0.046, ಅಂದ್ರೆ ನೆಲದ ಗಡಿಯಾರವೇ ಜಾಸ್ತಿ ಓಡ್ತಿದೆ, ವಿಮಾನದ್ದು 34 ಮುಂದೆ, ಎತ್ತರದ 39 ಕೂಡಿದ್ರೆ 73 ಮುಂದೆ. ಒಂದೇ ವಿಮಾನ, ಒಂದೇ ಎತ್ತರ, ದಿಕ್ಕು ಬದಲಾದ್ರೆ ಒಂದ್ಕಡೆ ಕಳೀತು ಇನ್ನೊಂದ್ಕಡೆ ಗಳಿಸ್ತು.

1971ರ ಅಕ್ಟೋಬರಲ್ಲಿ ಹಾಫೆಲೆ ಮತ್ತೆ ಕೀಟಿಂಗ್ ನಾಲ್ಕು ಸೀಸಿಯಂ ಪರಮಾಣು ಗಡಿಯಾರ ಹೊತ್ಕೊಂಡು ಮಾಮೂಲಿ ಪ್ರಯಾಣಿಕರ ವಿಮಾನಗಳಲ್ಲೇ ಒಂದ್ಸಲ ಪೂರ್ವಕ್ಕೆ ಒಂದ್ಸಲ ಪಶ್ಚಿಮಕ್ಕೆ ಭೂಮಿ ಸುತ್ತಿ ಬಂದ್ರು. ಪೂರ್ವಕ್ಕೆ ಹೋದಾಗ 59 ನ್ಯಾನೊಸೆಕೆಂಡ್ ಹಿಂದೆ, ಪಶ್ಚಿಮಕ್ಕೆ ಹೋದಾಗ 273 ಮುಂದೆ. ಅವರ ಹಾರಾಟದ ವಿವರ ಹಾಕಿ ಮಾಡಿದ ಲೆಕ್ಕ ಹೇಳಿದ್ದು 40 ಹಿಂದೆ, 275 ಮುಂದೆ, ಎರಡು ಕಡೆಯೂ 20 ಚಿಲ್ಲರೆ ಹೆಚ್ಚುಕಮ್ಮಿ ಇರಬಹುದು ಅನ್ನೋ ಷರತ್ತಿನ ಜೊತೆ. ತಾಳೆ ಆಯ್ತು.

ಧ್ರುವ ಮತ್ತೆ ಸಮಭಾಜಕದ ಗಡಿಯಾರ ಹೋಲಿಸೋಕೆ ಮಾತ್ರ ಈ ಶಾರ್ಟ್‌ಕಟ್ ಹಾಕಬೇಡಿ. ಸಮಭಾಜಕದ ಗಡಿಯಾರ ಧ್ರುವದ್ದಕ್ಕಿಂತ ನಿಧಾನ ಆಗುತ್ತೆ ಅಂತ 1905ರಲ್ಲಿ ಐನ್‌ಸ್ಟೈನೇ ಬರೆದಿದ್ರು, ಆಗ ಗುರುತ್ವದ ಭಾಗ ಇನ್ನೂ ಗೊತ್ತಿರಲಿಲ್ಲ. ತಿರುಗಿ ತಿರುಗಿ ಭೂಮಿ ಹೊಟ್ಟೆ ಉಬ್ಬಿಸ್ಕೊಂಡಿದೆ, ಆ ಉಬ್ಬಿನಿಂದ ಸಮಭಾಜಕಕ್ಕೆ ಸಿಗೋ ಲಾಭ ವೇಗದ ನಷ್ಟನ ಸರಿಯಾಗಿ ವಜಾ ಮಾಡುತ್ತೆ, ಸಮುದ್ರಮಟ್ಟದಲ್ಲಿ ಎಲ್ಲಿಟ್ರೂ ಗಡಿಯಾರ ಒಂದೇ ಲಯ. 3,83,200ರ ಭಾಗಾಕಾರ ಭೂಮಿ ಪೂರ್ತಿ ದುಂಡಗಿದೆ ಅಂತ ತಿಳ್ಕೊಂಡು ಮಾಡೋದು, ಹಾಗಾಗಿ ಈ ಉಬ್ಬು ಅದರೊಳಗೆ ಬರಲ್ಲ.

ಬೇರೆ ಗ್ರಹ ನಕ್ಷತ್ರಕ್ಕೆ ಹೋಗ್ಬೇಕು ಅಂದ್ರೆ 3,83,200ನ್ನ ಅದು ಭೂಮಿಗಿಂತ ಎಷ್ಟು ಪಟ್ಟು ಭಾರ ಅನ್ನೋದರಿಂದ ಗುಣಿಸಿ, ಅದರ ತ್ರಿಜ್ಯದಿಂದ ಭಾಗಿಸಿ. ಸೂರ್ಯ ಸುಮಾರು 3,33,000 ಪಟ್ಟು, ತ್ರಿಜ್ಯ 6,96,000 ಕಿ.ಮೀ., ಲೆಕ್ಕ ಹಾಕಿದ್ರೆ ಅದರ ಮೇಲ್ಮೈ ಗಡಿಯಾರ ದೂರದ ಖಾಲಿ ಆಕಾಶದ್ದಕ್ಕಿಂತ ದಿನಕ್ಕೆ 0.18 ಸೆಕೆಂಡ್, ವರ್ಷಕ್ಕೆ ಸುಮಾರು 67 ಸೆಕೆಂಡ್ ಹಿಂದೆ. ನ್ಯೂಟ್ರಾನ್ ನಕ್ಷತ್ರದಂಥ (ಸೂರ್ಯನಷ್ಟು ಭಾರ ಒಂದು ಊರಿನಷ್ಟು ಜಾಗಕ್ಕೆ ಅಡಕ ಆಗಿರೋ ನಕ್ಷತ್ರ) ಕಡೆ ಮಾತ್ರ ಇದು ಸಾಲಲ್ಲ, ಅಲ್ಲಿ ವರ್ಗಮೂಲದ ಸೂತ್ರ ಬೇಕು: ಸೂರ್ಯನ ಭಾರದ ಒಂದೊಂದು ಪಟ್ಟಿಗೆ 2.95 ಕಿ.ಮೀ. ತಗೊಂಡು, ಕೇಂದ್ರದಿಂದ ಇರೋ ದೂರದಿಂದ ಭಾಗಿಸಿ, 1ರಿಂದ ಕಳೆದು ವರ್ಗಮೂಲ ತೆಗೀರಿ. ಸೂರ್ಯನ 1.4 ಪಟ್ಟು ಭಾರ, 12 ಕಿ.ಮೀ. ತ್ರಿಜ್ಯ ಅಂದ್ರೆ 0.81 ಬರುತ್ತೆ, ದೂರದಲ್ಲಿ ಇರೋರಿಗೆ ಒಂದು ಗಂಟೆ ಆದ್ರೆ ಅದರ ಮೇಲ್ಮೈಯಲ್ಲಿ 49 ನಿಮಿಷ ಕೂಡ ಆಗಿರಲ್ಲ.

ಕೊನೇದಾಗಿ ಚಂದ್ರನ ಲೆಕ್ಕ, ಇದರಲ್ಲಿ ಕಲಿತಿದ್ದೆಲ್ಲ ಒಟ್ಟಿಗೆ ಬೇಕಾಗುತ್ತೆ, ಮೊದಲು ನೀವೇ ಪ್ರಯತ್ನ ಮಾಡಿ ಆಮೇಲೆ ಕೆಳಗಿನದನ್ನ ಓದಿ. ಚಂದ್ರನ ಮೇಲಿನ ಗಡಿಯಾರ ಭೂಮಿ ಮೇಲಿನದಕ್ಕೆ ಹೋಲಿಸಿ ದಿನಕ್ಕೆ ಎಷ್ಟು? ನೆಲದಲ್ಲಿರೋರ ಆಳ 60.15, ಅಷ್ಟು ಮುಂದೆ ಅಂತ ಶುರು ಮಾಡಿ. ಆದ್ರೆ ಚಂದ್ರನಿಗೆ ಅದರದ್ದೇ ಬಾವಿ ಇದೆ: ಭಾರ ಭೂಮಿಯ 81.3ರಲ್ಲಿ ಒಂದು ಪಾಲು, ತ್ರಿಜ್ಯ 1,737 ಕಿ.ಮೀ., ಆಳ 2.71. ಚಂದ್ರ ಇರೋ 3,84,400 ಕಿ.ಮೀ. ದೂರದಲ್ಲೂ ಭೂಮಿಯ ಬಾವಿ ಪೂರ್ತಿ ಮುಗಿದಿರಲ್ಲ, ಅಲ್ಲಿನ ಆಳ 1.00. ಚಂದ್ರ ಭೂಮಿ ಸುತ್ತೋ ವೇಗ ಸೆಕೆಂಡಿಗೆ 1.02 ಕಿ.ಮೀ., ಅದರಿಂದ 0.50. ಮೂರೂ ಕಳೆದ್ರೆ ಉಳಿಯೋದು 55.9. ಎನ್‌ಐಎಸ್‌ಟಿಯವರು 2024ರಲ್ಲಿ ಪ್ರಕಟಿಸಿದ್ದು 56.02. ಅದೇ ವರ್ಷ ಅಮೆರಿಕ ಸರ್ಕಾರ ಚಂದ್ರನಿಗೇ ಪ್ರತ್ಯೇಕ ಟೈಮ್ ವ್ಯವಸ್ಥೆ ರೂಪಿಸಿ ಅಂತ ನಾಸಾಗೆ ಹೇಳಿದ್ದು ಈ ವ್ಯತ್ಯಾಸಕ್ಕಾಗಿ, ಯಾಕಂದ್ರೆ ಅಲ್ಲಿ ಜಿಪಿಎಸ್ ಥರದ್ದು ಕಟ್ಟೋಕೆ ಹೊರಟ್ರೆ ಅಷ್ಟು ತಪ್ಪಿಗೆ ದಿನಕ್ಕೆ ಸುಮಾರು 17 ಕಿ.ಮೀ. ದೂರದ ಲೆಕ್ಕ ತಪ್ಪುತ್ತೆ.